ಹಳೆಯ ಆಂಪ್ಲಿಫೈಯರ್‌ಗೆ ಹೊಸ ಜೊತೆಗಾರ: ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಂಬಬೇಕೆ?

ಜಯನಗರ ಅಥವಾ ಬನಶಂಕರಿಯ ಹಳೆಯ ಮನೆಯೊಂದರ ಹಾಲನ್ನು ಕಣ್ಣ ಮುಂದೆ ತಂದುಕೊಳ್ಳಿ. ಶೋಕೇಸಿನಲ್ಲಿ ಮೂವತ್ತು ವರ್ಷಗಳ ಹಿಂದೆ ಕೊಂಡ ಆಂಪ್ಲಿಫೈಯರ್, ಅಕ್ಕಪಕ್ಕ ಮರದ ಪೆಟ್ಟಿಗೆಯ ಎರಡು ಸ್ಪೀಕರ್‌ಗಳು. ಕ್ಯಾಸೆಟ್ ಡೆಕ್ ಕೆಟ್ಟು ಎಷ್ಟೋ ಕಾಲವಾಯಿತು, ಸಿ.ಡಿ. ಪ್ಲೇಯರ್ ತಟ್ಟೆ ಓದಲು ತಿಣುಕುತ್ತದೆ. ಆಂಪ್ಲಿಫೈಯರ್ ಮಾತ್ರ ಗಟ್ಟಿಯಾಗಿದೆ. ಆದರೂ ಮನೆಯವರು ಸಂಗೀತ ಕೇಳುವುದು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ! 2016ರ ಜನವರಿ 26ರಂದು ಬೆಂಗಳೂರಿನಲ್ಲಿ ಆರಂಭವಾದ ಆಕಾಶವಾಣಿಯ ಶಾಸ್ತ್ರೀಯ ಸಂಗೀತ ವಾಹಿನಿ ‘ರಾಗಂ’ ಅಂತರಜಾಲದ ಮೂಲಕ ಮನೆಗೆ ಬರುತ್ತದೆ. ಆದರೆ ಮೃದಂಗದ ಎಡಬದಿಯ ಗುಂಕಿಯಾಗಲಿ ತಂಬೂರಿಯ ತುಂಬುನಾದವಾಗಲಿ ಮೊಬೈಲಿನಿಂದ ಹೊರಬರುವುದಿಲ್ಲ.

ಈ ಕೊರತೆ ತುಂಬಲು ಬಂದಿರುವುದೇ ಸ್ಟ್ರೀಮಿಂಗ್ ಸಾಧನ. ಅದರ ಕೆಲಸ ಮೂರೇ: ನಿಸ್ತಂತು ಜಾಲದಿಂದ ಹಾಡಿನ ಅಂಕಿಗಳನ್ನು ಪಡೆಯುವುದು, ಅವನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುವುದು, ಆ ಸಂಕೇತವನ್ನು ಆಂಪ್ಲಿಫೈಯರಿನ ‘ಆಕ್ಸ್’ ಕಿಂಡಿಗೆ ಕೊಡುವುದು. ಇಷ್ಟು ಸರಳ ಕೆಲಸಕ್ಕೆ ಎರಡು ಸಾವಿರ ರೂಪಾಯಿಯ ಸಾಧನವೂ ಇದೆ, ಲಕ್ಷ ರೂಪಾಯಿಯದೂ ಇದೆ. ಹಾಗಾದರೆ ನಾವು ಯಾವುದಕ್ಕೆ ಹಣ ಕೊಡುತ್ತಿದ್ದೇವೆ?

ಅಂಕಿಗಳ ಮೋಡಿ

ಅಂಗಡಿಯವರು ಮೊದಲು ತೋರಿಸುವುದು ‘24 ಬಿಟ್, 192 ಕಿಲೋಹರ್ಟ್ಸ್’ ಎಂಬ ಬರಹವನ್ನು. ಸಿ.ಡಿ.ಯದು 16 ಬಿಟ್, 44.1 ಕಿಲೋಹರ್ಟ್ಸ್. ಅಂಕಿ ದೊಡ್ಡದಾದರೆ ನಾದವೂ ದೊಡ್ಡದೇ? ಲೆಕ್ಕ ಹಾಕೋಣ. ಸೆಕೆಂಡಿಗೆ 44,100 ಮಾದರಿಗಳನ್ನು ತೆಗೆದರೆ ಸುಮಾರು 22 ಕಿಲೋಹರ್ಟ್ಸ್ ಆವೃತ್ತಿಯವರೆಗಿನ ಧ್ವನಿಯನ್ನು ಮರಳಿ ಪಡೆಯಬಹುದು. ಎಳೆಯ ಕಿವಿಯ ಮಿತಿ 20 ಕಿಲೋಹರ್ಟ್ಸ್. ಅರವತ್ತು ದಾಟಿದವರಲ್ಲಿ ಅದು ಇನ್ನೂ ಕೆಳಗಿಳಿದಿರುತ್ತದೆ. 16 ಬಿಟ್ ಎಂದರೆ ಅತಿ ಮೆಲುದನಿಗೂ ಅತಿ ಜೋರುದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ. ನಿಶ್ಶಬ್ದವೆನಿಸುವ ಹಾಲಿನಲ್ಲೂ 30 ಡೆಸಿಬೆಲ್ ಸದ್ದಿರುತ್ತದೆ. ಎರಡನ್ನೂ ಕೂಡಿಸಿದರೆ 126. ಅದು ಕಿವಿ ನೋಯುವ ಮಟ್ಟ!

2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಹೆಚ್ಚು ಬಿಟ್‌ಗಳ ಧ್ವನಿಮುದ್ರಣವನ್ನು ನೇರವಾಗಿಯೂ ಸಿ.ಡಿ. ಮಟ್ಟಕ್ಕೆ ಇಳಿಸಿಯೂ, ಯಾವುದು ಯಾವುದೆಂದು ಹೇಳದೆ, ಕೇಳಿಸಲಾಯಿತು. 554 ಪ್ರಯತ್ನಗಳಲ್ಲಿ ಸರಿಯುತ್ತರ 276. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಇಷ್ಟೇ ಬರುತ್ತಿತ್ತು. 2016ರಲ್ಲಿ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ಶೇಕಡ 52.3. ವ್ಯತ್ಯಾಸ ಇಲ್ಲವೆಂದಲ್ಲ, ಆದರೆ ಅದಕ್ಕಾಗಿ ನೀವು ಸಾವಿರಾರು ರೂಪಾಯಿ ಹೆಚ್ಚು ಕೊಡಬೇಕಿಲ್ಲ. ಮೊಸಾಯಿಕ್ ನೆಲದ ಹಾಲಿನಲ್ಲಿ ಒಂದು ದಪ್ಪ ಜಮಖಾನ ಹಾಸಿದರೆ ಮಾರ್ದನಿ ತಗ್ಗಿ ಇದಕ್ಕಿಂತ ಹೆಚ್ಚಿನ ಲಾಭವಾಗುತ್ತದೆ.

ಬ್ಲೂಟೂತ್ ಸಾಲದೆ?

ಅತಿ ಅಗ್ಗದ ದಾರಿ ಬ್ಲೂಟೂತ್ ಗ್ರಾಹಕ. ಸಿ.ಡಿ.ಯ ಹರಿವು ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತಿನ ಮೂಲ ಸಂಕೇತನ ವಿಧಾನವಾದ ಎಸ್.ಬಿ.ಸಿ. ಸಾಮಾನ್ಯವಾಗಿ ಸಾಗಿಸುವುದು 328ರಷ್ಟು. ಕಿವಿಗೆ ಇದು ಅಷ್ಟೇನೂ ಕೆಟ್ಟದ್ದಲ್ಲ. ನಿಜವಾದ ತೊಂದರೆ ಬೇರೆ: ಹಾಡು ಮೊಬೈಲಿನ ಮೂಲಕವೇ ಹಾದುಹೋಗಬೇಕು. ಆಲಾಪನೆಯ ನಡುವೆ ಕರೆ ಬಂದರೆ ಸಂಗೀತ ನಿಲ್ಲುತ್ತದೆ. ಮೊಬೈಲ್ ಹಿಡಿದು ತರಕಾರಿಗೆ ಹೊರಟರೆ ಮನೆಯಲ್ಲಿ ಮೌನ. ವೈ-ಫೈ ಸಾಧನ ಹಾಗಲ್ಲ. ಮೊಬೈಲ್ ಬರೀ ರಿಮೋಟ್; ಹಾಡನ್ನು ಸಾಧನವೇ ನೇರವಾಗಿ ತರಿಸಿಕೊಳ್ಳುತ್ತದೆ.

ಬಿ.ಟಿ.ಎಂ. ಬಡಾವಣೆಯಂಥ ಒತ್ತೊತ್ತಾದ ಮನೆಗಳಲ್ಲಿ ಒಂದು ಎಚ್ಚರ ಬೇಕು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಹತ್ತಾರು ಮನೆಗಳ ರೂಟರ್‌ಗಳು ಅವನ್ನೇ ಹಂಚಿಕೊಂಡರೆ ಹಾಡು ತಡವರಿಸುತ್ತದೆ. 5 ಗಿಗಾಹರ್ಟ್ಸ್ ಅಥವಾ ತಂತಿಯ ಈಥರ್‌ನೆಟ್ ಕಿಂಡಿ ಇರುವ ಸಾಧನ ಮೇಲು.

ಮೊದಲು ಸಾಯುವುದು ಯಾವುದು?

ವಿಮರ್ಶೆಗಳು ಸಾಮಾನ್ಯವಾಗಿ ಮುಟ್ಟದ ಪ್ರಶ್ನೆ ಇದು. ಆಂಪ್ಲಿಫೈಯರ್ ಕೆಟ್ಟರೆ ಕೆಪಾಸಿಟರ್ ಬದಲಿಸಿ ಬೆಸುಗೆ ಹಾಕಬಹುದು. ಸ್ಟ್ರೀಮರ್ ಯಂತ್ರಾಂಶ ಕೆಡದೆಯೂ ಸಾಯಬಲ್ಲದು. 2015ರಲ್ಲಿ 35 ಡಾಲರಿಗೆ ಬಂದ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೋ ಇಂಥ ಮನೆಗಳಿಗೆಂದೇ ಮಾಡಿದಂತಿತ್ತು. 2019ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. 2025ರ ಮಾರ್ಚಿನಲ್ಲಿ ಅದರೊಳಗಿನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದು ಲೋಕದೆಲ್ಲೆಡೆ ಈ ಸಾಧನಗಳು ಒಮ್ಮೆಲೇ ಮೂಕವಾದವು. ಕೆಲವು ದಿನಗಳಲ್ಲಿ ಗೂಗಲ್ ಸರಿಪಡಿಸಿತು, ನಿಜ. ಆದರೆ ನಿಮ್ಮ ಹಾಲಿನಲ್ಲಿರುವ ವಸ್ತುವಿನ ಜೀವ ಬೇರೆಯವರ ಕೈಯಲ್ಲಿದೆ ಎಂಬುದು ಅಂದು ಬಯಲಾಯಿತು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಸ್ಲಿಮ್ ಡಿವೈಸಸ್ ಎಂಬ ಸಂಸ್ಥೆಯ ಸ್ಕ್ವೀಝ್‌ಬಾಕ್ಸನ್ನು 2006ರಲ್ಲಿ ಲಾಜಿಟೆಕ್ ಕೊಂಡಿತು. 2012ರಲ್ಲಿ ಆ ಸಾಲನ್ನು ಕೈಬಿಟ್ಟಿತು. 2024ರಲ್ಲಿ ಅದರ ಅಂತರಜಾಲ ಸೇವೆಯನ್ನೂ ಮುಚ್ಚಿತು. ಆದರೂ ಆ ಪೆಟ್ಟಿಗೆಗಳು ಇಂದಿಗೂ ಹಾಡುತ್ತಿವೆ. ಕಾರಣ, ಅವುಗಳ ಸರ್ವರ್ ಮುಕ್ತ ತಂತ್ರಾಂಶ. ಬಳಸುವವರೇ ಅದನ್ನು ‘ಲಿರಿಯನ್’ ಎಂಬ ಹೆಸರಿನಲ್ಲಿ ಉಳಿಸಿಕೊಂಡರು.

ಹಾಗಾದರೆ ಏನು ಕೊಳ್ಳಬೇಕು?

ಕೈಚಳಕವಿರುವವರಿಗೆ ರಾಸ್ಪ್‌ಬೆರಿ ಪೈ ಇದೆ. ಎಸ್.ಪಿ. ರಸ್ತೆಗೆ ಹೋಗಿ ಬಂದು ಅಭ್ಯಾಸವಿರುವವರು ಅದಕ್ಕೊಂದು ಡ್ಯಾಕ್ ಫಲಕ ಸೇರಿಸಿ, ಪೈಕೋರ್‌ಪ್ಲೇಯರ್‌ನಂಥ ಉಚಿತ ತಂತ್ರಾಂಶ ಹಾಕಿ, ಮೇಲೆ ಹೇಳಿದ ಲಿರಿಯನ್‌ಗೆ ಜೋಡಿಸಬಹುದು. ಆದರೆ ಎಪ್ಪತ್ತರ ಅಜ್ಜನಿಗೆ ಲಿನಕ್ಸ್ ಕಲಿಯಿರಿ ಎನ್ನುವುದು ನ್ಯಾಯವಲ್ಲ. ಅಂಥವರಿಗೆ ವೀಮ್ ಮಿನಿಯ ರೀತಿಯ ಸಣ್ಣ ಸಿದ್ಧ ಸಾಧನ ಸಾಕು. ಕೊಳ್ಳುವಾಗ ನೋಡಬೇಕಾದ್ದು ಇಷ್ಟು: ಲೈನ್ ಹೊರದಾರಿ ಇರಬೇಕು, ಆಪ್ಟಿಕಲ್ ಹೊರದಾರಿಯೂ ಇದ್ದರೆ ಮುಂದೆ ಬೇರೆ ಡ್ಯಾಕ್ ಜೋಡಿಸಬಹುದು, ಡಿ.ಎಲ್.ಎನ್.ಎ.ಯಂಥ ಎಲ್ಲರೂ ಬಳಸುವ ಶಿಷ್ಟತೆ ಇರಬೇಕು. ಕರೆಂಟು ಹೋಗಿ ಬಂದಾಗ ತಾನಾಗಿ ಜಾಲಕ್ಕೆ ಸೇರಬೇಕು. ಆಂಪ್ಲಿಫೈಯರ್ ಮತ್ತು ಸ್ಟ್ರೀಮರ್ ಒಂದೇ ಪೆಟ್ಟಿಗೆಯಲ್ಲಿರುವುದನ್ನು ಮಾತ್ರ ನಾನು ಸೂಚಿಸಲಾರೆ. ಹತ್ತು ವರ್ಷ ಬಾಳುವುದನ್ನು ಮೂವತ್ತು ವರ್ಷ ಬಾಳುವುದಕ್ಕೆ ಕಟ್ಟಿಹಾಕಿದಂತೆ ಅದು.

ಕೊನೆಯದಾಗಿ, ಹಿಂತಿರುಗಿಸುವ ಗಡುವು ಮುಗಿಯುವ ಮೊದಲು ಎರಡು ಪ್ರಯೋಗ ಮಾಡಿ ನೋಡಿ. ಮೊದಲನೆಯದು, ಅಂತರಜಾಲದ ಹಾಡೊಂದನ್ನು ಹಚ್ಚಿ ಮೊಬೈಲನ್ನು ಆರಿಸಿ, ಹಾಡು ಮುಂದುವರಿಯಬೇಕು. ಎರಡನೆಯದು, ರೂಟರ್ ಚಾಲೂ ಇರಲಿ, ಹೊರಗಿನಿಂದ ಬರುವ ಫೈಬರ್ ತಂತಿಯನ್ನು ಮಾತ್ರ ಕಳಚಿ. ಮನೆಯ ಕಂಪ್ಯೂಟರಿನಲ್ಲಿ ಉಳಿಸಿಟ್ಟ ಹಾಡನ್ನು ನುಡಿಸಿ. ನುಡಿದರೆ, ತಯಾರಕರು ನಾಳೆ ಅಂಗಡಿ ಮುಚ್ಚಿದರೂ ಅದು ನಿಮ್ಮದಾಗಿ ಉಳಿಯುವ ಸಂಭವ ಹೆಚ್ಚು. ನುಡಿಯದಿದ್ದರೆ, ಪೆಟ್ಟಿಗೆಯ ಮೇಲೆ ಎಷ್ಟು ದೊಡ್ಡ ಅಂಕಿ ಇದ್ದರೂ ನೀವು ಕೊಂಡದ್ದು ಸಾಧನವನ್ನಲ್ಲ, ಬಾಡಿಗೆ ಚೀಟಿಯನ್ನು.