ಸೆರೆಯಲ್ಲಿ ಬರೆದ ಎರಡು ಬರಹಗಳು

ಬ್ರಿಟಿಷ್ ಉತ್ತರ ಬೋರ್ನಿಯೊದ ಅರಣ್ಯಾಧಿಕಾರಿಯ ಪತ್ನಿಯಾಗಿ ಸಂಡಾಕನ್ ಪಟ್ಟಣದಲ್ಲಿ ನೆಲಸಿ, ಆ ನಾಡಿನ ಜನಜೀವನವನ್ನು ಕುರಿತು 1939ರಲ್ಲಿ ಪ್ರಕಟಿಸಿದ ಉಲ್ಲಾಸಮಯ ಗ್ರಂಥದಿಂದ ಪ್ರಸಿದ್ಧಳಾಗಿದ್ದ ಅಮೆರಿಕದ ಲೇಖಕಿ ಆಗ್ನೆಸ್ ನ್ಯೂಟನ್ ಕೀತ್, 1942ರ ಜನವರಿಯಲ್ಲಿ ಜಪಾನೀ ಸೈನ್ಯವು ಬಂದಿಳಿದ ಮೇಲೆ ಎಳೆಯ ಮಗನೊಡನೆ ಮೊದಲು ಬೆರ್ಹಾಲಾ ದ್ವೀಪದಲ್ಲಿಯೂ ಅನಂತರ ಕೂಚಿಂಗ್ ಸಮೀಪದ ಬಟು ಲಿಂಟಾಂಗ್ ಶಿಬಿರದಲ್ಲಿಯೂ ಸೆರೆಯಾಗಿದ್ದು, 1945ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಹೊಂದಿದಳು. ಆ ಅನುಭವದ ಕಥನವೇ 1947ರ ‘ತ್ರೀ ಕೇಮ್ ಹೋಮ್’.

ಯುದ್ಧಕಾಲದ ಸೆರೆಮನೆಯ ಕಥನಗಳಲ್ಲಿ ಇದಕ್ಕೆ ವಿಶಿಷ್ಟ ಸ್ಥಾನ ಸಲ್ಲುವುದು ಯಾತನೆಯ ಪರಿಮಾಣದಿಂದಲ್ಲ, ಬರೆದ ರೀತಿಯಿಂದ. ಶಿಬಿರಾಧಿಪತಿ ಸುಗಾ ತತ್ಸುಜಿ ಆಕೆಯ ಮೊದಲ ಗ್ರಂಥವನ್ನು ಮೆಚ್ಚಿದವನು. ಶಿಬಿರದ ಬಾಳನ್ನು ಕುರಿತು ತನಗಾಗಿ ಬರೆಯಬೇಕೆಂದು ಆಜ್ಞಾಪಿಸಿದನು. ಅವನ ಕಣ್ಣಿಗೆ ಬೀಳಬಹುದಾದುದನ್ನು ಹಗಲಿನಲ್ಲಿ ಬರೆಯುತ್ತ, ಬೀಳಬಾರದುದನ್ನು ಚೂರುಕಾಗದಗಳಲ್ಲಿ ಬರೆದು ಮಗನ ಬೊಂಬೆಗಳೊಳಗೂ ತಗಡಿನ ಡಬ್ಬಿಗಳಲ್ಲೂ ಅಡಗಿಸಿಡುತ್ತ ಬಂದ ಈಕೆಗೆ ಮಾತಿನ ಬೆಲೆ ಪ್ರಾಣದ ಬೆಲೆಯೇ ಆಗಿತ್ತು. ಆದುದರಿಂದಲೇ ಹಸಿವೆ, ಕಾವಲುಗಾರನ ದೌರ್ಜನ್ಯವನ್ನು ದೂರಿತ್ತುದಕ್ಕೆ ಪ್ರತಿಯಾಗಿ ಬಿದ್ದ ಪೆಟ್ಟು, ಜೊತೆಯ ಸ್ತ್ರೀಯರ ನಡುವೆ ತುತ್ತಿಗಾಗಿ ನಡೆದ ಕ್ಷುದ್ರಕಲಹ, ಇವೆಲ್ಲವೂ ಇಲ್ಲಿ ಆಡಂಬರವಿಲ್ಲದೆ, ತನ್ನ ದೌರ್ಬಲ್ಯಕ್ಕೂ ವಿನಾಯಿತಿ ಕೊಡದೆ ನಿರೂಪಿತವಾಗಿವೆ.

ಸುಗಾನ ಚಿತ್ರಣವಂತೂ ನನ್ನ ದೃಷ್ಟಿಯಲ್ಲಿ ಗ್ರಂಥದ ಅತ್ಯುನ್ನತ ಸಿದ್ಧಿ. ಮಕ್ಕಳಿಗೆ ಮಿಠಾಯಿ ಹಂಚುತ್ತಿದ್ದವನೇ ಅವರನ್ನು ಹಸಿವಿನಿಂದ ಸೊರಗಿಸಿದ ವ್ಯವಸ್ಥೆಗೆ ಒಡೆಯನಾಗಿದ್ದನು. ಸೋಲಿನ ಬಳಿಕ ಆತ್ಮಹತ್ಯೆ ಮಾಡಿಕೊಂಡನು. ಅವನ ಅಪರಾಧವನ್ನು ಮರೆಯದೆಯೇ ಅವನಿಗಾಗಿ ಮರುಗಬಲ್ಲವಳ ಚೇತನವು ದೊಡ್ಡದು. ಈ ಗ್ರಂಥವನ್ನಾಧರಿಸಿದ 1950ರ ಚಲನಚಿತ್ರದಲ್ಲಿ ಸುಗಾನ ಪಾತ್ರ ವಹಿಸಿದ ಸೆಸ್ಸೂ ಹಯಕಾವನ ಅಭಿನಯ ಈ ಸಂಕೀರ್ಣತೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ.

ಆದರೂ ಒಂದು ನ್ಯೂನತೆಯನ್ನು ಹೇಳದಿರಲಾಗದು. ಆಕೆ ಸೆರೆಯಲ್ಲಿದ್ದ ಕಾಲದಲ್ಲೇ, 1943ರ ಅಕ್ಟೋಬರಿನಲ್ಲಿ, ಉತ್ತರ ಬೋರ್ನಿಯೊದ ಜೆಸ್ಸೆಲ್ಟನ್ನಿನಲ್ಲಿ ಜಪಾನೀಯರ ವಿರುದ್ಧ ಬಂಡೆದ್ದ ಸ್ಥಳೀಯರಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಅವರು ಮುಂದಿನ ಜನವರಿಯಲ್ಲಿ ಪೆಟಗಾಸ್‌ನಲ್ಲಿ ಕೊಂದರು. ಸಂಡಾಕನ್ನಿನ ಯುದ್ಧಕೈದಿಗಳ ಶಿಬಿರದಲ್ಲಿ ಕೊನೆಗುಳಿದಿದ್ದ ಸುಮಾರು 2,400 ಆಸ್ಟ್ರೇಲಿಯನ್ ಮತ್ತು ಬ್ರಿಟಿಷ್ ಯೋಧರಲ್ಲಿ ಬದುಕಿದವರು ಆರೇ ಮಂದಿ. ಮುಳ್ಳುತಂತಿಯೊಳಗಿದ್ದವಳಿಗೆ ಇವು ಕಾಣಲಿಲ್ಲವೆಂಬುದು ಆಕೆಯ ದೋಷವಲ್ಲ. ಆದರೆ ತನ್ನ ಮನೆಯಲ್ಲೇ ದುಡಿದ, ತನ್ನನ್ನು ಬಲ್ಲ ಏಷ್ಯನ್ನರು ಆಕೆಯ ಪುಟಗಳಲ್ಲಿ ಮುಖ್ಯವಾಗಿ ಸ್ವಾಮಿನಿಷ್ಠೆಯ ಮೂಲಕವೇ ಗೋಚರಿಸುತ್ತಾರೆ. ಒಬ್ಬ ಆಳರಸನು ಹೋಗಿ ಮತ್ತೊಬ್ಬನು ಬಂದುದನ್ನು ಅವರು ಏನೆಂದು ಭಾವಿಸಿದರು ಎಂಬ ಪ್ರಶ್ನೆಯನ್ನು, ಶತ್ರುವಿನ ಅಂತರಂಗವನ್ನೇ ಹೊಕ್ಕು ನೋಡಬಲ್ಲ ಈ ಲೇಖನಿ, ಅವರ ಬಳಿಗೆ ಒಯ್ಯಲಿಲ್ಲ.