ನಾಳೆಗೆ ಏನು ನೆನೆಹಾಕೋಣ?

ಶಾಲೆ ಶುರುವಾಗುವ ವಾರ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮೆನು ಚಾರ್ಟಿನ ತಕರಾರೊಂದಿದೆ. ಅದನ್ನು ಮಕ್ಕಳ ಕೈಯಲ್ಲೇ ಬರೆಸಬೇಕಂತೆ. ಬರೆಸಿದ ಮನೆಗಳಲ್ಲಿ ಏನಾಯಿತೆಂದು ಬಲ್ಲಿರಿ: ಸೋಮವಾರ ನೂಡಲ್ಸ್, ಮಂಗಳವಾರ ಪೂರಿ, ಬುಧವಾರ ಮತ್ತೆ ನೂಡಲ್ಸ್. ಗುರುವಾರದ ಹೊತ್ತಿಗೆ ಚಾರ್ಟು ಕಸದ ಬುಟ್ಟಿಗೆ, ‘ಮಕ್ಕಳನ್ನ ಕೇಳಿದರೆ ಇಷ್ಟೇ’ ಎಂಬ ತೀರ್ಪು ಪಕ್ಕದ ಮನೆಗೆ.

ಈ ತೀರ್ಪು ಕೇಳಿದಾಗೆಲ್ಲ ನನಗೆ ಕ್ಲಾರಾ ಡೇವಿಸ್ ನೆನಪಾಗುತ್ತಾಳೆ. ಅಮೆರಿಕದ ಈ ಮಕ್ಕಳ ವೈದ್ಯೆ 1926ರಲ್ಲಿ ಶುರುಮಾಡಿದ ಪ್ರಯೋಗದಲ್ಲಿ, ಆಗಷ್ಟೇ ಮೊಲೆಹಾಲು ಬಿಟ್ಟ ಕೂಸುಗಳ ಮುಂದೆ ತಟ್ಟೆಗಳನ್ನಿಟ್ಟು ಸುಮ್ಮನೆ ಕೂತುಬಿಟ್ಟಳು. ಕೂಸು ಕೈ ಚಾಚಿದ ಮೇಲಷ್ಟೇ ದಾದಿ ಚಮಚ ಎತ್ತಬೇಕು. ‘ತಿನ್ನು ಕಂದಾ’ ಎನ್ನುವ ಹಾಗಿಲ್ಲ, ಮುಖ ಸಿಂಡರಿಸುವ ಹಾಗೂ ಇಲ್ಲ. ಒಟ್ಟು ಹದಿನೈದು ಮಕ್ಕಳು, 34 ಬಗೆಯ ಆಹಾರ. ಒಂದು ಮಗು ತಿಂದಂತೆ ಇನ್ನೊಂದು ತಿನ್ನಲಿಲ್ಲ. ಆದರೂ ಎಲ್ಲವೂ ಚೆನ್ನಾಗಿ ಬೆಳೆದವು. ರಿಕೆಟ್ಸ್ ಆಗಿದ್ದ ಕೂಸೊಂದು ತನ್ನಷ್ಟಕ್ಕೆ ತಾನೇ ಕಾಡ್ ಲಿವರ್ ಎಣ್ಣೆ ಕುಡಿಯಿತು. ಮಗುವಿನ ನಾಲಿಗೆಗೇ ಎಲ್ಲ ಗೊತ್ತು ಎನ್ನುವ ಪಂಥದವರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ 1939ರ ತನ್ನ ಲೇಖನದಲ್ಲಿ ಡೇವಿಸ್ ಗುಟ್ಟು ಬಿಟ್ಟುಕೊಟ್ಟಿದ್ದಾಳೆ: ಇದರ ಕೈಚಳಕವೆಲ್ಲ ಪಟ್ಟಿಯಲ್ಲಿದೆ. ಆ 34ರಲ್ಲಿ ಸಕ್ಕರೆಯಿರಲಿಲ್ಲ, ಡಬ್ಬದ ಪದಾರ್ಥವಿರಲಿಲ್ಲ. ಹಾಲು, ಮೊಟ್ಟೆ, ಹಣ್ಣು, ಕಾಯಿಪಲ್ಯ, ಧಾನ್ಯ, ಮಾಂಸ, ಇಂಥವಷ್ಟೇ. ಪಟ್ಟಿ ಬರೆದದ್ದು ದೊಡ್ಡವರು, ಆರಿಸಿದ್ದು ಕೂಸು.

ನಮ್ಮ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಇದೇ ಲೆಕ್ಕ ನಡೆದಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊಟ್ಟೆ ಬಂತು, ಬೇಡವಾದವರಿಗೆ ಬಾಳೆಹಣ್ಣು. ಶಾಲೆಯಲ್ಲಿ ಮೊಟ್ಟೆ ಕೊಡಬೇಕೋ ಬೇಡವೋ ಎಂದು ದೊಡ್ಡವರು ಟಿವಿಯಲ್ಲಿ ಕಚ್ಚಾಡುತ್ತಿದ್ದಾಗ ಮಕ್ಕಳು ಸಾಲಿನಲ್ಲಿ ನಿಂತು ತಮಗೆ ಬೇಕಾದದ್ದನ್ನು ಈಸಿಕೊಂಡು ತಿಂದರು.

ಮಕ್ಕಳಿಗೆ ಆರಿಸಲು ಬಿಡದೆ ಕದ್ದು ತಿನ್ನಿಸುವ ದಾರಿಯೂ ಒಂದಿದೆ; ಅದರ ಮೇಲೆ ನನ್ನದು ಹಳೆಯ ಜಗಳ. ಪಾಲಕ್ ರುಬ್ಬಿ ಚಪಾತಿ ಹಿಟ್ಟಿಗೆ, ಬೀಟ್‌ರೂಟ್ ತುರಿದು ದೋಸೆಗೆ ಅಡಗಿಸುವ ಕಳ್ಳಸಾಗಣೆದಾರರ ಜೊತೆಗಿನದ್ದು. ಹದಿನಾರನೆಯ ಶತಮಾನದ ಆರಂಭದಲ್ಲಿ ಕವಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ ಎಂಬ ಅಡುಗೆಯ ಪುಸ್ತಕವನ್ನು ಷಟ್ಪದಿಯಲ್ಲಿ ಬರೆದಾಗ ಬದನೆಕಾಯಿಯ ಬಗೆಬಗೆಯ ಪಾಕಗಳನ್ನು ಮನಸ್ಸಿಟ್ಟು ವರ್ಣಿಸಿದ. ಬದನೆ ಬದನೆಯಾಗಿಯೇ ಇರಬೇಕು, ಅದರ ಸೊಗಸು ಕಾಣಬೇಕು ಎಂಬ ಹೆಮ್ಮೆ ಅದು. ಅಂಥ ನಾಡಿನಲ್ಲಿ ತರಕಾರಿಗೆ ವೇಷ ಹಾಕಿಸುವವರನ್ನು ಏನನ್ನೋಣ? ಮೋಸ ಗೊತ್ತಾದ ದಿನ ಮಗು ಚಪಾತಿಯನ್ನೂ ಬಿಡುತ್ತದೆ.

ಮೋಸವೂ ಬೇಡ, ಚಾರ್ಟೂ ಬೇಡ; ಮಕ್ಕಳ ಪಾಲಿನ ನಿಜವಾದ ಕೆಲಸ ನಮ್ಮ ಅಡುಗೆಮನೆಯಲ್ಲೇ ಇದೆ: ನೆನೆಹಾಕುವುದು. ನಮ್ಮ ತಿಂಡಿ ತೀರ್ಮಾನವಾಗುವುದು ಹಿಂದಿನ ದಿನ. ನಾಳೆ ಬೆಳಗ್ಗೆ ದೋಸೆ ಬೇಕಾದರೆ ಇವತ್ತು ಮಧ್ಯಾಹ್ನವೇ ಅಕ್ಕಿ, ಉದ್ದು, ಚಿಟಿಕೆ ಮೆಂತ್ಯ ನೀರಿಗೆ ಬೀಳಬೇಕು, ಸಂಜೆ ರುಬ್ಬಬೇಕು, ರಾತ್ರಿ ಹಿಟ್ಟು ಹುದುಗಬೇಕು. ಮೊಳಕೆ ಹೆಸರುಕಾಳಿನ ಉಸಲಿ ಬೇಕೆಂದರೆ ಇನ್ನೂ ಒಂದು ದಿನ ಹಿಂದಕ್ಕೆ ಹೋಗಬೇಕು. ‘ಏನು ತಿಂತೀಯ?’ ಎಂದರೆ ಎಂಟು ವರ್ಷದ ಹುಡುಗ ನೂಡಲ್ಸ್ ಅಂತಲೇ ಅಂದಾನು. ‘ನಾಳೆಗೆ ಏನು ನೆನೆಹಾಕೋಣ?’ ಎಂದು ಕೇಳಿ ನೋಡಿ. ಡಬ್ಬಗಳ ಮುಚ್ಚಳ ತೆಗೆದು ಇಣುಕುತ್ತಾನೆ, ಕಡಲೆಕಾಳೋ ಅಲಸಂದೆಯೋ ಅಂತ ಯೋಚಿಸುತ್ತಾನೆ. ಪಟ್ಟಿ ಡಬ್ಬ ತುಂಬಿಸಿದವರದ್ದು, ಆಯ್ಕೆ ಅವನದ್ದು; ಡೇವಿಸಳ ಸೂತ್ರವೇ. ತಾನೇ ನೆನೆಹಾಕಿದ ಅಲಸಂದೆಯ ಹುಳಿಯನ್ನು ಅವನು ತಿಂದೇ ತಿನ್ನುತ್ತಾನೆಂದು ಬರೆದುಕೊಡಲಾರೆ. ಆದರೆ ತಂಗಿಗಂತೂ ಬಲವಂತದಿಂದ ಬಡಿಸುತ್ತಾನೆ.

ಅಕ್ಕಿಗೆ ಉದ್ದು ಎಷ್ಟು ಎಂಬ ಅಳತೆ ಅವನ ಕೈಗೇ ಕೊಡಿ, ಪಾವು ಸಮೇತ. ಉದ್ದು ಜಾಸ್ತಿಯಾಗಿ ದೋಸೆ ಕಾವಲಿಗೆ ಅಂಟಿದರೆ ಅಂಟಲಿ. ನೆನೆಹಾಕಲು ಮರೆತ ದಿನ ಅವಲಕ್ಕಿ ಮಾಡಿಕೊಡಿ. ಗಟ್ಟಿ ಅವಲಕ್ಕಿಯಾದರೆ ಅದನ್ನೂ ಒಂದಿಷ್ಟು ಹೊತ್ತು ನೆನೆಸಬೇಕು ಅಂತ ಅವನೇ ನಿಮಗೆ ಹೇಳುತ್ತಾನೆ.