ಅರಿಸಿನದ ಕೊಪ್ಪರಿಗೆ: ಸೌದೆ ಎಲ್ಲಿ ಸೋರುತ್ತದೆ?

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಅರಿಸಿನ ಕಿತ್ತ ಮೇಲೆ ಹೊಲದ ಬದಿಯಲ್ಲೇ ಕೊಪ್ಪರಿಗೆ ಹೂಡಿ ಬೇಯಿಸುವುದನ್ನು ನೀವು ನೋಡಿರಬಹುದು. ಭೌತಶಾಸ್ತ್ರದ ದೃಷ್ಟಿಯಿಂದ ಇದೊಂದು ಬಿಸಿನೀರಿನ ತೊಟ್ಟಿ. ಸಣ್ಣ ಬಿಯರ್ ತಯಾರಿಕಾ ಘಟಕದಲ್ಲಿಯೂ ಇಂಥದೇ ತೊಟ್ಟಿ ಇರುತ್ತದೆ. ಆದರೆ ಅದಕ್ಕೆ ಮುಚ್ಚಳ, ಉಷ್ಣ ಅವಾಹಕ ಹೊದಿಕೆ, ತಾಪಮಾಪಕ ಇರುತ್ತವೆ. ನಮ್ಮ ಕೊಪ್ಪರಿಗೆಗೆ ಹೆಚ್ಚೆಂದರೆ ಅರಿಸಿನದ ಎಲೆ, ಗೋಣಿತಾಟು. ಉರಿಯುವುದು ಸೌದೆ, ಪಕ್ಕದಲ್ಲಿರುವುದು ಬಂಡೀಪುರದ ಕಾಡು.

ಕಲ್ಲಿಕೋಟೆಯ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಶಿಫಾರಸು ಮಾಡಿರುವ ವಿಧಾನದಲ್ಲಿ, ಸುಮಾರು 50 ಕಿಲೋಗ್ರಾಂ ಹಸಿ ಕೊಂಬನ್ನು ರಂಧ್ರಗಳುಳ್ಳ ತೊಟ್ಟಿಯಲ್ಲಿ ತುಂಬಿ, 100 ಲೀಟರ್ ನೀರಿನಲ್ಲಿ ಮುಳುಗಿಸಿ, 45ರಿಂದ 60 ನಿಮಿಷ ಬೇಯಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಅಲ್ಲಿ ನೀರು ಕುದಿಯುವುದು ಪಠ್ಯಪುಸ್ತಕದ 100 ಡಿಗ್ರಿಯಲ್ಲಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ. 25 ಡಿಗ್ರಿಯಿಂದ ಅಲ್ಲಿಗೆ ಏರಲು ನೀರಿಗೆ 30 ಮೆಗಾಜೂಲ್ ಬೇಕು. ಕೊಂಬಿಗೆ, ಅದರ ವಿಶಿಷ್ಟೋಷ್ಣವನ್ನು ಸುಮಾರು 3.7 ಎಂದು ಹಿಡಿದರೆ, ಕೇವಲ 13 ಮೆಗಾಜೂಲ್. ಅಂದರೆ ಬೇಯಬೇಕಾದ ವಸ್ತುವಿಗಿಂತ ಅದನ್ನು ಸುತ್ತುವರಿದ ನೀರೇ ಎರಡು ಪಟ್ಟು ಹೆಚ್ಚು ಶಾಖ ನುಂಗುತ್ತದೆ. ಒಂದು ಸಲ ಬೇಯಿಸಿ ಆ ನೀರನ್ನು ಚೆಲ್ಲಿದರೆ ಇಷ್ಟೂ ಶಾಖ ಮಣ್ಣುಪಾಲು. ರಂಧ್ರದ ತೊಟ್ಟಿಯ ಜಾಣತನ ಇರುವುದು ಇಲ್ಲಿಯೇ: ಕೊಂಬನ್ನು ಎತ್ತಿದಾಗ ಬಿಸಿನೀರು ಕೊಪ್ಪರಿಗೆಯಲ್ಲೇ ಉಳಿಯುತ್ತದೆ, ಮುಂದಿನ ಸರದಿಗೆ ಒದಗುತ್ತದೆ.

ಈಗ ಹಬೆಯ ಬಾಯ್ಲರ್‌ಗಳು ಬಂದಿವೆ. ಹಬೆ ಹೆಚ್ಚು ಬಿಸಿ, ಅದಕ್ಕೇ ಉಳಿತಾಯ ಎಂಬ ಮಾತನ್ನು ಒಪ್ಪಬೇಡಿ. ಸಾಮಾನ್ಯ ಒತ್ತಡದಲ್ಲಿ ಹಬೆಯ ತಾಪವೂ ಅದೇ 97 ಡಿಗ್ರಿ. ಕೆಲಸ ಮಾಡುವುದು ಅದರ ಗುಪ್ತೋಷ್ಣ. ಸುಮಾರು 6 ಕಿಲೋಗ್ರಾಂ ಹಬೆ ಕೊಂಬಿನ ಮೇಲೆ ಸಾಂದ್ರೀಕರಿಸಿದರೆ 13 ಮೆಗಾಜೂಲ್ ಸಿಗುತ್ತದೆ. ತಣ್ಣೀರಿನಿಂದ ಅಷ್ಟು ಹಬೆ ತಯಾರಿಸಲು ಸುಮಾರು 15 ಮೆಗಾಜೂಲ್ ಸಾಕು. ನೀರು ಚೆಲ್ಲುವ ಕೊಪ್ಪರಿಗೆಯ 43ಕ್ಕೆ ಹೋಲಿಸಿದರೆ ಇದು ದೊಡ್ಡ ಗೆಲುವು. ಆದರೆ ನೀರನ್ನು ಮರುಬಳಸಿ, ಪ್ರತಿ ಸರದಿಗೆ 10 ಲೀಟರ್ ತಣ್ಣೀರು ಸೇರಿಸುವ ಕೊಪ್ಪರಿಗೆಗೆ ಹೋಲಿಸಿದರೆ? ಅದಕ್ಕೆ ಬೇಕಾದದ್ದು 16. ವ್ಯತ್ಯಾಸ ಅತ್ಯಲ್ಪ. ಕೆಲಸ ಬೇಗ ಮುಗಿಯುತ್ತದೆ ಎಂದು ಬಾಯ್ಲರ್ ಕೊಳ್ಳುವುದು ಬೇರೆ ಮಾತು. ಸೌದೆಗಾಗಿ ಮಾತ್ರ ಕೊಳ್ಳುವ ಸಣ್ಣ ರೈತ ಈ ಲೆಕ್ಕವನ್ನು ಮೊದಲು ನೋಡಬೇಕು.

ಇನ್ನು ಮುಚ್ಚಳದ ವಿಷಯ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಸುಮಾರು 2.26 ಮೆಗಾಜೂಲ್ ನಷ್ಟ. ಅಷ್ಟರಲ್ಲಿ ಏಳೂವರೆ ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ಒಯ್ಯಬಹುದು! ಕೊಪ್ಪರಿಗೆ ಕೊತಕೊತ ಕುದಿದರೆ ಬೇಗ ಬೇಯುತ್ತದೆ ಎಂಬುದು ತಪ್ಪು. ಉರಿ ಹೆಚ್ಚಿಸಿದರೆ ತಾಪ ಏರದು, ಆವಿ ಮಾತ್ರ ಹೆಚ್ಚುತ್ತದೆ. ಎಲೆ, ಗೋಣಿತಾಟನ್ನು ಹಳೆಯ ಕಾಲದ್ದೆಂದು ಹೀಗಳೆಯುವ ಬದಲು ತಗಡಿನ ಮುಚ್ಚಳವಾಗಿ ಸುಧಾರಿಸಬೇಕಿತ್ತು. ಪಕ್ಕದ ಗೋಡೆಗಳಿಗೆ ಅವಾಹಕ ಹೊದಿಸುವುದು ಆಮೇಲಿನ ಕೆಲಸ. ಅತಿಯಾಗಿ ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಒಣಗಿದ ಕೊಂಬು ಪುಡಿಪುಡಿಯಾಗುತ್ತದೆ. ಬಣ್ಣಕ್ಕೆಂದು ಸೋಡಾ ಹಾಕುವವರೂ ಇದ್ದಾರೆ. ಕುರ್ಕುಮಿನ್ ಕ್ಷಾರದಲ್ಲಿ ವಿಘಟನೆಯಾಗುತ್ತದೆಂಬುದನ್ನು ಅವರಿಗೆ ತಿಳಿಸುವುದು ರಸಾಯನಶಾಸ್ತ್ರದ ಅಧ್ಯಾಪಕರಿಗೆ ಬಿಟ್ಟದ್ದು.

ಒಲೆಯ ಬಗ್ಗೆ ನಮ್ಮಲ್ಲಿ ಒಳ್ಳೆಯ ಕೆಲಸವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದ ಒಲೆ ಕರ್ನಾಟಕಕ್ಕೆಲ್ಲ ಪರಿಚಿತ. ಆದರೆ ಒಲೆ ಎಷ್ಟೇ ದಕ್ಷವಾಗಿರಲಿ, ತೆರೆದ ಬಾಯಿಯ ಪಾತ್ರೆ ಗಳಿಸಿದ ಶಾಖವನ್ನು ಕಳೆಯುತ್ತಲೇ ಇರುತ್ತದೆ.

ನಿಮ್ಮ ಪ್ರಯೋಗಶಾಲೆಯಲ್ಲಿ ಎರಡು ಸಮಾನ ಪಾತ್ರೆಗಳಲ್ಲಿ ಒಂದೊಂದು ಲೀಟರ್ ನೀರು ಕುದಿಸಿ. ಒಂದಕ್ಕೆ ಮುಚ್ಚಳ ಹಾಕಿ, ಕುದಿ ನಿಲ್ಲದಷ್ಟು ಮಾತ್ರ ಉರಿ ತಗ್ಗಿಸಿ; ಉರಿ ತಗ್ಗಿಸದೆ ಮುಚ್ಚಳ ಹಾಕಿ ಪ್ರಯೋಜನವಿಲ್ಲ. ಇಪ್ಪತ್ತು ನಿಮಿಷದ ನಂತರ ಎರಡನ್ನೂ ತೂಗಿ, ಕಳೆದುಹೋದ ಪ್ರತಿ ಗ್ರಾಂ ನೀರಿಗೆ 2.26 ಕಿಲೋಜೂಲ್‌ನಂತೆ ಲೆಕ್ಕ ಬರೆಯಿರಿ.